ಹಳಿ ಪಕ್ಕದಿಂದ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ರೈಲು ಹಳಿಯ ಮೇಲಿನ ವಿದ್ಯುತ್ ತಂತಿಯ ಬಗ್ಗೆಯೇ ಇದೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು. ರೈಲ್ವೆಯಲ್ಲಿ ಇದ್ದಷ್ಟು ಕಾಲ ನಾನು ಮಾಡಿದ್ದು ತಂತಿ ಕೆಲಸ. ತಂತಿ ರಿಪೇರಿಗೆ ಬಳಸುವ ಟವರ್ ವ್ಯಾಗನ್ ಮೇಲೆ ನಿಂತು ಹಳಿ ನೋಡಿದವನು ನಾನು. ಹಾಗಾಗಿ ಸಿಟ್ಟಿನ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ನಮ್ಮ ಕಡೆ ಹಳಿಗೆ ತಂತಿ ಬಂದ ಮೇಲೆ ರೈಲಿನ ಫೋಟೊ ತೆಗೆಯುವ ಆಸೆಯೇ ಹೋಗಿದೆ. ಎಲ್ಲಿ ನಿಂತರೂ ಕಂಬ ಅಡ್ಡ. ಹಳೆಯ ರೈಲ್ವೆಯ ಚೆಂದವೇ ಹೋಯಿತು ಅನಿಸುತ್ತದೆ. ತಂತಿ ಇಲ್ಲದ ಜಾಗ ಎಲ್ಲಿ ಹುಡುಕಲಿ?
— ಓದುಗರು, ಅರಸೀಕೆರೆ

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ತಂತಿಯನ್ನು ನಿನ್ನೆ ಮೊನ್ನೆ ಬಂದದ್ದು ಅಂತ ನೋಡಬೇಡಿ. ನಮ್ಮ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ನೀವು ಹಳೆಯ ರೈಲ್ವೆ ಅಂತ ನೆನೆಸಿಕೊಳ್ಳುವ ಆಲ್ಕೊ ಡೀಸೆಲ್ ಇಂಜಿನ್, ಅದೇ ಡಬ್ಲ್ಯೂಡಿಎಂ-2, ನಮ್ಮಲ್ಲಿಗೆ ಬಂದಿದ್ದು 1962ರಲ್ಲಿ. ಭಾರತದಲ್ಲಿ ತಂತಿಗೆ ಅದಕ್ಕಿಂತ ವಯಸ್ಸು ಜಾಸ್ತಿ.

ತಂತಿ ಇಲ್ಲದ ಜಾಗ ಹುಡುಕುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ನಿಮಗೆ ಜಾಗ ಕಮ್ಮಿಯಾಗುತ್ತದೆ. ತಂತಿ ಇರುವಲ್ಲೇ ತೆಗೆಯಿರಿ. ಸ್ವಲ್ಪ ಲೆಕ್ಕ ಬೇಕು, ಅಷ್ಟೇ.

ನೇರ ಹಳಿಯಲ್ಲಿ ಎರಡು ಕಂಬಗಳ ನಡುವೆ ಹೆಚ್ಚೆಂದರೆ 72 ಮೀಟರ್ ಅಂತರ ಇರುತ್ತದೆ. ತಿರುವಿನಲ್ಲಿ ಇದು ಕಮ್ಮಿ. ಒಂದು ಡಬ್ಲ್ಯೂಎಪಿ-7 ಎಲೆಕ್ಟ್ರಿಕ್ ಇಂಜಿನ್ ಇಪ್ಪತ್ತು ಮೀಟರ್ ಚಿಲ್ಲರೆ ಉದ್ದ, ಹೊಸ ಬಗೆಯ ಎಲ್‌ಎಚ್‌ಬಿ ಬೋಗಿ ಸುಮಾರು 24 ಮೀಟರ್. ಅಂದರೆ ಇಂಜಿನ್ ಮತ್ತು ಎರಡು ಬೋಗಿ ಎರಡು ಕಂಬಗಳ ನಡುವೆ ಕಂಬ ತಾಗದೆ ಕೂರುತ್ತವೆ. ಇಡೀ ಗಾಡಿ ಬೇಕು ಅಂತ ಹಟ ಹಿಡಿದರೆ ಕಂಬ ಬಂದೇ ಬರುತ್ತದೆ. ಇಂಜಿನ್ನಿನ ಮೂತಿ ಮುಂದಿನ ಕಂಬ ದಾಟುವ ಸ್ವಲ್ಪ ಮೊದಲು ಬಟನ್ ಒತ್ತಿ.

ಸಿಂಗಲ್ ಲೈನ್ ಆದರೆ ಕಂಬದ ಸಾಲು ಸಾಮಾನ್ಯವಾಗಿ ಒಂದೇ ಪಕ್ಕ ಇರುತ್ತದೆ. ನೀವು ಇನ್ನೊಂದು ಪಕ್ಕಕ್ಕೆ ಹೋಗಿ. ಆಗ ಕಂಬಗಳು ಗಾಡಿಯ ಹಿಂದೆ ನಿಲ್ಲುತ್ತವೆ, ದೂರ ಹೋಗುತ್ತಾ ಚಿಕ್ಕದಾಗುವ ಆ ಸಾಲೇ ಫೋಟೊಗೆ ಆಳ ಕೊಡುತ್ತದೆ. ಡಬಲ್ ಲೈನಿನಲ್ಲಿ ಎರಡೂ ಹೊರಬದಿಗೆ ಕಂಬ ಇರುವುದರಿಂದ ರಸ್ತೆ ಮೇಲ್ಸೇತುವೆಯೇ ವಾಸಿ.

ಇನ್ನೊಂದು ವಿಷಯ. ಎಲೆಕ್ಟ್ರಿಕ್ ಇಂಜಿನ್ ತೆಗೆಯುವಾಗ ತುಂಬಾ ಜನ ಪ್ಯಾಂಟೊಗ್ರಾಫನ್ನು, ಅಂದರೆ ತಂತಿಯಿಂದ ಕರೆಂಟ್ ಪಡೆಯಲು ಇಂಜಿನ್ ಮೇಲಿರುವ ತೋಳನ್ನು, ಫ್ರೇಮಿನಿಂದ ಕತ್ತರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಎರಡರಲ್ಲಿ ಹಿಂದಿನದನ್ನು ಎತ್ತಿರುತ್ತಾರೆ. ಅದು ತುಂಡಾದರೂ ಮುಂದಿನದಕ್ಕೆ ಬಡಿಯಬಾರದು ಅನ್ನುವುದು ಲೆಕ್ಕಾಚಾರ. ಆ ತೋಳು, ಅದರ ಮೇಲಿನ ಪಟ್ಟಿ, ಪಟ್ಟಿ ತಂತಿಗೆ ತಾಗುವ ಬಿಂದು, ಈ ಮೂರೂ ಚೊಕ್ಕವಾಗಿ ಬಂದ ಫೋಟೊ ನನಗೆ ಯಾವ ಹೊಗೆಯ ಫೋಟೊಗಿಂತಲೂ ಕಮ್ಮಿ ಅಲ್ಲ.

ಪ್ರಶ್ನೆ: ಸೈಡಿಂಗ್‌ನಲ್ಲಿ (ಪಕ್ಕದ ಹಳಿಯಲ್ಲಿ) ನಿಂತ ಅದಿರಿನ ವ್ಯಾಗನ್ ಹತ್ತಿ ಮೇಲಿನಿಂದ ಫೋಟೊ ತೆಗೆಯಬಹುದಾ? ತಂತಿ ಮುಟ್ಟದೆ ಇದ್ದರೆ ಸಾಕಲ್ವಾ?
— ಓದುಗರು, ಹೊಸಪೇಟೆ

ಸಾಲದು. ಹತ್ತಲೇಬೇಡಿ.

ತಂತಿಯಲ್ಲಿರುವುದು 25,000 ವೋಲ್ಟ್. ಮನೆಯ ಕರೆಂಟಿನ ನೂರು ಪಟ್ಟಿಗಿಂತ ಜಾಸ್ತಿ. ಅದಕ್ಕೆ ಮುಟ್ಟುವ ಅಗತ್ಯವೇ ಇಲ್ಲ, ಹತ್ತಿರ ಹೋದರೆ ಅದೇ ಹಾರಿ ಬರುತ್ತದೆ. 2 ಮೀಟರ್ ಒಳಗೆ ಯಾರೂ ಬರಬಾರದು ಅನ್ನುವುದು ನಮ್ಮ ನಿಯಮ. ಅದರೊಳಗೆ ನಿಮ್ಮ ಕೈ, ಸೆಲ್ಫಿ ಸ್ಟಿಕ್, ಛತ್ರಿ ಎಲ್ಲವೂ ಸೇರಿತು. ವ್ಯಾಗನ್ ಮೇಲೆ ಎದ್ದು ನಿಂತವನ ತಲೆ ಆ ಗಡಿಯನ್ನು ದಾಟಿಯೇ ಇರುತ್ತದೆ.

ನಾವು ತಂತಿಯ ಹತ್ತಿರ ಹೋಗುತ್ತಿದ್ದದ್ದು ಹೇಗೆ ಗೊತ್ತಾ? ಮೊದಲು ಪವರ್ ಬ್ಲಾಕ್. ಕರೆಂಟ್ ತೆಗೆದಿದ್ದೇವೆ ಅನ್ನುವ ಲಿಖಿತ ಪರ್ಮಿಟ್ ಕೈಗೆ ಬರಬೇಕು. ಅಷ್ಟಾದರೂ ತಂತಿ ಮುಟ್ಟುವ ಹಾಗಿಲ್ಲ. ಉದ್ದನೆಯ ಡಿಸ್ಚಾರ್ಜ್ ರಾಡ್ ತಂದು, ಅದರ ಕೇಬಲ್ಲಿನ ಕ್ಲಾಂಪನ್ನು ಮೊದಲು ಹಳಿಗೆ ಬಿಗಿಯುತ್ತೇವೆ. ಆಮೇಲೆ ರಾಡಿನ ಕೊಕ್ಕೆಯನ್ನು ತಂತಿಗೆ ಸಿಕ್ಕಿಸುತ್ತೇವೆ. ಕೆಲಸ ಮಾಡುವ ಜಾಗದ ಎರಡೂ ಕಡೆ ಹೀಗೆ ಮಾಡಬೇಕು. ಬಿಚ್ಚುವಾಗ ಕೊಕ್ಕೆ ಮೊದಲು, ಹಳಿಯ ಕ್ಲಾಂಪು ಕೊನೆಗೆ. ಈ ಕ್ರಮ ತಪ್ಪಿದರೆ ಜೀವ ಹೋಗುತ್ತದೆ. ಯಾಕೆಂದರೆ ಸತ್ತ ತಂತಿಯಲ್ಲೂ ಪಕ್ಕದ ಲೈನಿನ ಪ್ರಭಾವದಿಂದ ಕರೆಂಟ್ ಹುಟ್ಟುತ್ತದೆ. ತರಬೇತಿ ಪಡೆದವರು ಇಷ್ಟೆಲ್ಲಾ ಮಾಡಿ ಮುಟ್ಟುವ ವಸ್ತುವಿನ ಕೆಳಗೆ ನೀವು ಸುಮ್ನೆ ಮೊಬೈಲ್ ಹಿಡಿದು ನಿಲ್ಲಬೇಡಿ. ನಿಮ್ಮ ಗೆಳೆಯರಿಗೂ ಇದನ್ನು ಓದಿ ಹೇಳಿ.

ಪ್ರಶ್ನೆ: ಅಂಕಲ್, ನಾನು ಏಳನೇ ಕ್ಲಾಸ್. ರೈಲಿನ ತಂತಿ ನೇರವಾಗಿ ಇಲ್ಲ, ಆ ಕಡೆ ಈ ಕಡೆ ಹೋಗುತ್ತದೆ. ಯಾಕೆ? ಮತ್ತೆ ಕೆಲವು ಕಂಬಕ್ಕೆ ಕಲ್ಲಿನ ಬಿಲ್ಲೆಗಳ ಥರ ಏನೋ ನೇತು ಹಾಕಿರುತ್ತಾರೆ. ಅದು ಏನು?
— ಪುಟ್ಟ ಓದುಗ, ಮದ್ದೂರು

ನೀನು ಎರಡೂ ಸರಿಯಾಗಿ ನೋಡಿದ್ದೀಯ. ರೈಲಿನಲ್ಲಿ ದಿನಾ ಓಡಾಡುವ ಎಷ್ಟೋ ದೊಡ್ಡವರು ಇದನ್ನು ಗಮನಿಸಿರುವುದಿಲ್ಲ.

ತಂತಿ ಬೇಕು ಅಂತಲೇ ಅಂಕುಡೊಂಕು. ನೇರ ಹಳಿಯಲ್ಲಿ ಒಂದು ಕಂಬದ ಹತ್ತಿರ ಅದು ಮಧ್ಯದಿಂದ 200 ಮಿಲಿಮೀಟರ್ ಎಡಕ್ಕೆ ಇದ್ದರೆ, ಮುಂದಿನ ಕಂಬದಲ್ಲಿ ಅಷ್ಟೇ ಬಲಕ್ಕೆ. ತಂತಿ ಯಾವಾಗಲೂ ಮಧ್ಯದಲ್ಲೇ ಇದ್ದರೆ ಪ್ಯಾಂಟೊಗ್ರಾಫಿನ ಪಟ್ಟಿ ಒಂದೇ ಜಾಗದಲ್ಲಿ ಸವೆದು ಗುಳಿ ಬೀಳುತ್ತದೆ. ಆಮೇಲೆ ತಂತಿ ಆ ಗುಳಿಗೆ ಸಿಕ್ಕಿಕೊಳ್ಳುತ್ತದೆ. ಆ ಕಡೆ ಈ ಕಡೆ ಹೋದರೆ ಪಟ್ಟಿ ಉದ್ದಕ್ಕೂ ಸಮನಾಗಿ ಸವೆಯುತ್ತದೆ.

ನೇತಾಡುವ ಬಿಲ್ಲೆಗಳು ತೂಕ. ತಂತಿ ತಾಮ್ರದ್ದು. ಬಿಸಿಲಿಗೆ ಉದ್ದವಾಗುತ್ತದೆ, ಚಳಿಗೆ ಗಿಡ್ಡವಾಗುತ್ತದೆ. ಆದರೆ ಅದು ಯಾವಾಗಲೂ ಒಂದೇ ಬಿಗಿಯಲ್ಲಿ ಇರಬೇಕು. ಹಳಿಯ ಮೇಲೆ ಒಂದರ ಕೆಳಗೆ ಒಂದು ಎರಡು ತಂತಿ ಇರುತ್ತವೆ. ಮೇಲಿನ ತಂತಿಗೆ 1,000 ಕಿಲೊ, ಕೆಳಗಿನದಕ್ಕೆ 1,000 ಕಿಲೊ ಎಳೆತ. ಅದಕ್ಕೇ ತುದಿಯಲ್ಲಿ ರಾಟೆ ಹಾಕಿ ತೂಕ ಕಟ್ಟುತ್ತಾರೆ. ಈಗ ಲೆಕ್ಕ ಮಾಡೋಣ. 750 ಮೀಟರ್ ತಾಮ್ರದ ತಂತಿ 20 ಡಿಗ್ರಿ ಬಿಸಿಯಾದರೆ ಸುಮಾರು 25 ಸೆಂಟಿಮೀಟರ್ ಉದ್ದವಾಗುತ್ತದೆ. ಒಂದಕ್ಕೆ ಮೂರು ಎಳೆಯುವ ರಾಟೆ ಆದರೆ ತೂಕ ಅದರ ಮೂರು ಪಟ್ಟು, ಅಂದರೆ ಮುಕ್ಕಾಲು ಮೀಟರ್ ಕೆಳಗಿಳಿಯುತ್ತದೆ.

ಇದನ್ನು ನೀನೇ ಪರೀಕ್ಷಿಸಬಹುದು. ಅಪ್ಪ ಅಥವಾ ಅಮ್ಮನ ಜೊತೆ ಪ್ಲಾಟ್‌ಫಾರಂ ಮೇಲೆ, ತೂಕ ಕಾಣುವ ಒಂದೇ ಜಾಗದಲ್ಲಿ ನಿಂತು, ಬೆಳಿಗ್ಗೆ ಏಳಕ್ಕೆ ಒಂದು ಫೋಟೊ, ಅದೇ ದಿನ ಮಧ್ಯಾಹ್ನ ಎರಡಕ್ಕೆ ಒಂದು ಫೋಟೊ ತೆಗೆ. ಪಕ್ಕ ಪಕ್ಕ ಇಟ್ಟು ನೋಡು. ಏಪ್ರಿಲ್ ತಿಂಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ಲಾಟ್‌ಫಾರಂ ತುದಿಯ ಇಳಿಜಾರಿಗೆ ಮಾತ್ರ ಇಳಿಯಬೇಡ. ಫೋಟೊಗಳನ್ನು ನನಗೆ ಕಳಿಸು, ಇದೇ ಪುಟದಲ್ಲಿ ಹಾಕಲು ಸಂಪಾದಕರನ್ನು ಕೇಳುತ್ತೇನೆ.

ಪ್ರಶ್ನೆ: ಸಕಲೇಶಪುರದಿಂದ ಎಡಕುಮೇರಿ ಕಡೆಗೆ ಹಳಿ ಮೇಲೆ ನಡೆದು ಹೋಗುವ ಆಸೆ. ಯಾವ ತಿಂಗಳು ಒಳ್ಳೆಯದು?
— ಓದುಗರು, ಬೆಂಗಳೂರು

ಯಾವ ತಿಂಗಳೂ ಅಲ್ಲ. ಅದು ಅತಿಕ್ರಮ ಪ್ರವೇಶ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಇದೆ. ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಸುರಂಗದೊಳಗೆ ಗಾಡಿ ಬಂದರೆ ಓಡಲು ಜಾಗ ಎಲ್ಲಿ?

ಘಾಟಿ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 50 ಮೀಟರ್ ಹೋದರೆ 1 ಮೀಟರ್ ಏರುವ ಹಳಿ ಅದು. ಮಂಗಳೂರು, ಕಾರವಾರ ಕಡೆಯ ಹಗಲು ಗಾಡಿಗಳಿಗೆ 2021ರ ಜುಲೈಯಲ್ಲಿ ವಿಸ್ಟಾಡೋಮ್ ಬೋಗಿ ಸೇರಿಸಿದರು. ದೊಡ್ಡ ಗಾಜು, ತಿರುಗುವ ಸೀಟು. ಮಳೆ ಶುರುವಾಗಿ ಒಂದು ತಿಂಗಳು ಕಳೆದ ಮೇಲೆ ಅದರಲ್ಲಿ ಹೋಗಿ. ದುಡ್ಡು ಜಾಸ್ತಿ ಅನಿಸಿದರೆ ಮಾಮೂಲಿ ಬೋಗಿಯ ಕಿಟಕಿ ಸೀಟು ಸಾಕು. ಅಲ್ಲಿ ಗಾಜಿನ ಅಡ್ಡಿ ಇರುವುದಿಲ್ಲ, ಇಂಜಿನ್ನಿನ ಸದ್ದೂ ಚೆನ್ನಾಗಿ ಕೇಳುತ್ತದೆ.

ಪ್ರಶ್ನೆ: ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಶರಾವತಿ ಸೇತುವೆ ಮೇಲೆ ಗಾಡಿ ಹೋಗುವಾಗ ಮಸುಕಾಗಿ ಬರುತ್ತದೆ. ಬೋಗಿ ಪಕ್ಕದ ಎಲ್‌ಇಡಿ ಬೋರ್ಡಿನ ಅಕ್ಷರವೂ ಅರ್ಧಂಬರ್ಧ. ಕ್ಯಾಮೆರಾ ಕೊಳ್ಳಲೇಬೇಕಾ?
— ಓದುಗರು, ಹೊನ್ನಾವರ

ಬೇಡ. ಶಟರ್ ವೇಗವನ್ನು ನಾವೇ ಆರಿಸಬಹುದಾದ ಮೊಬೈಲಿನ ಪ್ರೊ ಮೋಡ್ ಸಾಕು.

ಗಂಟೆಗೆ 110 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 30 ಮೀಟರ್ ಚಲಿಸುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಲ್ಲಿ 3 ಸೆಂಟಿಮೀಟರ್. ಮೊಬೈಲ್ ತಾನೇ ಆರಿಸುವ ಶಟರ್ ವೇಗ ಸಂಜೆ ಹೊತ್ತು ಇನ್ನೂರರಲ್ಲಿ ಒಂದು ಭಾಗಕ್ಕೆ ಇಳಿದರೆ 15 ಸೆಂಟಿಮೀಟರ್. ಮಸುಕು ಅದರಿಂದಲೇ. ಶಟರ್ ವೇಗ ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟು, ಗಾಡಿ ಪೂರ್ತಿ ಅಡ್ಡಕ್ಕೆ ಹೋಗುವ ಬದಲು ನಿಮ್ಮ ಕಡೆ ಓರೆಯಾಗಿ ಬರುವಾಗ ತೆಗೆಯಿರಿ.

ಬೋರ್ಡಿನ ಕಥೆ ಇದಕ್ಕೆ ವಿರುದ್ಧ. ಎಲ್‌ಇಡಿ ಸಾಲುಗಳು ಒಂದರ ಹಿಂದೆ ಒಂದು ಹತ್ತಿ ಆರುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವೇಗದ ಶಟರಿಗೆ ಗೊತ್ತಾಗುತ್ತದೆ. ಅಕ್ಷರ ಪೂರ್ತಿ ಬೇಕಾದರೆ ಅರವತ್ತರಲ್ಲಿ ಒಂದು ಭಾಗದ ಹತ್ತಿರ ಇಳಿಯಬೇಕು. ಓಡುವ ಗಾಡಿಯಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಬೋರ್ಡನ್ನು ಸ್ಟೇಷನ್ನಿನಲ್ಲಿ ನಿಂತ ಗಾಡಿಯಲ್ಲಿ ತೆಗೆದುಕೊಳ್ಳಿ. ಫ್ಲ್ಯಾಶ್ ಮಾತ್ರ ಯಾವತ್ತೂ ಬೇಡ, ಲೋಕೊ ಪೈಲಟ್ ಕಣ್ಣಿಗೆ ಕುಕ್ಕುತ್ತದೆ.

ನಿಮ್ಮೂರ ಸೇತುವೆ 2 ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. 22 ಬೋಗಿಯ ಗಾಡಿ ಇಂಜಿನ್ ಸೇರಿ ಸುಮಾರು 550 ಮೀಟರ್. ಅಂದರೆ ಇಡೀ ಗಾಡಿ ಸೇತುವೆಯ ಕಾಲು ಭಾಗದಷ್ಟು. ಹಾಗಾಗಿ ಅವಸರ ಬೇಡ. ಮೊದಲು ನೀರು, ದೋಣಿ, ಕಂಬದ ನೆರಳು ನೋಡಿ ಫ್ರೇಮ್ ಗಟ್ಟಿ ಮಾಡಿಕೊಳ್ಳಿ. ಹಳಿ ದಕ್ಷಿಣೋತ್ತರವಾಗಿ ಹೋಗುವುದರಿಂದ ಬೆಳಿಗ್ಗೆ ಪೂರ್ವದಲ್ಲಿ, ಸಂಜೆ ಪಶ್ಚಿಮದಲ್ಲಿ ನಿಂತರೆ ಗಾಡಿಯ ಮೇಲೆ ಬಿಸಿಲು ಬೀಳುತ್ತದೆ. ದೋಣಿಯಿಂದ ತೆಗೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಪ್ರಶ್ನೆ: ಅಜ್ಜ ನ್ಯಾರೋ ಗೇಜ್ ಗಾಡಿಯಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಕಥೆ ಹೇಳುತ್ತಾರೆ. ಆ ರೈಲಿನ ಮಾದರಿ ಮಾಡಬೇಕು ಅಂತ ಆಸೆ. 10 ಅಡಿಗೆ 12 ಅಡಿಯ ಕೋಣೆ ಇದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಚಿಕ್ಕಬಳ್ಳಾಪುರ

ಈ ಪತ್ರ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾದರಿ ಮಾಡುವ ನಮ್ಮವರಲ್ಲಿ ಹೆಚ್ಚಿನವರು ರಾಜಧಾನಿ, ಶತಾಬ್ದಿಗಳ ಹಿಂದೆ ಹೋಗುತ್ತಾರೆ. ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ ದಾಟಿ ಕೋಲಾರ, ಬಂಗಾರಪೇಟೆವರೆಗೆ ಹೋಗುತ್ತಿದ್ದ ಆ ಪುಟ್ಟ ಗಾಡಿಯನ್ನು ಯಾರೂ ಮಾಡುವುದಿಲ್ಲ. ಚಿಕ್ಕಬಳ್ಳಾಪುರದಿಂದ ಕೋಲಾರದ ತನಕ ಬ್ರಾಡ್ ಗೇಜ್ ಆಗಿದ್ದು 2013ರಲ್ಲಿ. ಆ ಗಾಡಿ ಹತ್ತಿದವರು ನಿಮ್ಮ ಊರಲ್ಲಿ ಇನ್ನೂ ಇದ್ದಾರೆ. ಅಜ್ಜನ ಜೊತೆ ಕೂತು, ಬೋಗಿಯ ಬಣ್ಣ, ಬೆಂಚು, ಗಾಡಿ ಎಲ್ಲಿ ನೀರು ತುಂಬಿಸಿಕೊಳ್ಳುತ್ತಿತ್ತು, ಎಲ್ಲವನ್ನೂ ಈಗಲೇ ಬರೆದುಕೊಳ್ಳಿ. ಪ್ಲೈವುಡ್ ತರುವುದು ಆಮೇಲೆ.

ಲೆಕ್ಕ ನಿಮ್ಮ ಪರವಾಗಿಯೇ ಇದೆ. ಎಚ್‌ಒ ಅಳತೆ ಅಂದರೆ 87ರಲ್ಲಿ ಒಂದು ಪಾಲು. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಯಾಕೆಂದರೆ ಅದು ಹೊರದೇಶದ 1,435 ಮಿ.ಮೀ. ಹಳಿಗೆ ಮಾಡಿದ್ದು. ಹಾಗಾಗಿ ಬ್ರಾಡ್ ಗೇಜ್ ಮಾಡುವವರೆಲ್ಲ ಸುಮಾರು 3 ಮಿ.ಮೀ. ರಾಜಿಯಲ್ಲೇ ಇರಬೇಕು. ನಿಮ್ಮ ನ್ಯಾರೋ ಗೇಜ್ 762 ಮಿ.ಮೀ. 87ರಿಂದ ಭಾಗಿಸಿ: 8.76. ಎಚ್‌ಒಗಿಂತ ಚಿಕ್ಕದಾದ ಎನ್ ಅಳತೆಯ ಮಾದರಿ ಹಳಿ 9 ಮಿ.ಮೀ.! ಹೆಚ್ಚುಕಮ್ಮಿ ಅಷ್ಟೇ ಆಯಿತಲ್ವಾ? ಎನ್ ಅಳತೆಯ ಹಳಿ ಮತ್ತು ಮೋಟಾರ್ ಚಾಸಿ (ಚಕ್ರ, ಮೋಟಾರ್ ಇರುವ ತಳಭಾಗ) ತಂದು, ಮೇಲೆ ಎಚ್‌ಒ ಅಳತೆಯ ಬಾಡಿ ನೀವೇ ಕಾರ್ಡ್ ಅಥವಾ ಪ್ಲಾಸ್ಟಿಕ್ ಹಾಳೆಯಲ್ಲಿ ಕೂರಿಸಿ. ಯುರೋಪಿನಲ್ಲಿ ಇದನ್ನು ಎಚ್‌ಒಇ ಅಂತ ಕರೆಯುತ್ತಾರೆ, ಅಲ್ಲಿ ಇದಕ್ಕೆ ದೊಡ್ಡ ಬಳಗವೇ ಇದೆ.

ಎನ್ ಹಳಿಯ ಸ್ಲೀಪರ್‌ಗಳು, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ತುಂಬಾ ಚಿಕ್ಕವು, ತೀರಾ ಹತ್ತಿರ ಹತ್ತಿರ ಇರುತ್ತವೆ. ಅವು ಮುಚ್ಚುವಷ್ಟು ಮಣ್ಣು ಹರಡಿಬಿಡಿ. ಲೈಟ್ ರೈಲ್ವೆಯ ಹಳಿ ಅರ್ಧ ಮಣ್ಣಿನಲ್ಲಿ ಹೂತ ಹಾಗೆ ಇದ್ದರೆ ನಿಜಕ್ಕೆ ಹತ್ತಿರವಾಗಿಯೇ ಕಾಣುತ್ತದೆ.

ಕೋಣೆ ಪೂರ್ತಿ ತುಂಬಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. 22 ಬೋಗಿಯ ಎಕ್ಸ್‌ಪ್ರೆಸ್ ಎಚ್‌ಒದಲ್ಲಿ 6.3 ಮೀಟರ್ ಉದ್ದ ಆಗುತ್ತದೆ, ನಿಮ್ಮ ಕೋಣೆಯಲ್ಲಿ ಅದು ನಿಲ್ಲುವುದೂ ಇಲ್ಲ. ನ್ಯಾರೋ ಗೇಜಿಗೆ ಒಂದು ಇಂಜಿನ್, ಮೂರು ಬೋಗಿ, ಒಂದು ವ್ಯಾಗನ್ ಸಾಕು. ಗೋಡೆ ಪಕ್ಕ 8 ಅಡಿಗೆ 2 ಅಡಿಯ ಹಲಗೆ. ಅದರ ಮೇಲೆ ಒಂದೇ ಒಂದು ಸ್ಟೇಷನ್, ನಂದಿ ಹಾಲ್ಟ್. ಹಿಂದಿನ ಗೋಡೆಗೆ ಬೆಟ್ಟದ ಚಿತ್ರ.

ನಂದಿ ಹಾಲ್ಟಿನ ಹಳೆಯ ಕಟ್ಟಡ ನಿಮಗೆ ಹತ್ತಿರದಲ್ಲೇ ಇದೆ. ಟೇಪು, ಪುಸ್ತಕ ಹಿಡಿದು ಹೋಗಿ. ಒಂದು ಮೀಟರ್ ಕೋಲನ್ನು ಗೋಡೆಗೆ ಒರಗಿಸಿ ಎದುರಿನಿಂದ ಫೋಟೊ ತೆಗೆದರೆ, ಮನೆಗೆ ಬಂದ ಮೇಲೂ ಕಿಟಕಿ, ಬಾಗಿಲು, ಕಂಬದ ಅಳತೆ ಅದರಿಂದಲೇ ಸಿಗುತ್ತದೆ. ಐದೂವರೆ ಅಡಿ ಮನುಷ್ಯ ಎಚ್‌ಒದಲ್ಲಿ 2 ಸೆಂ.ಮೀ.ಗೂ ಸ್ವಲ್ಪ ಕಮ್ಮಿ. ಆದರೆ 20 ಮೀಟರ್ ಎತ್ತರದ ಹುಣಸೆಮರ 23 ಸೆಂ.ಮೀ.! ಮಾದರಿ ಮಾಡುವವರ ಮರಗಳು ಯಾವಾಗಲೂ ಗಿಡ್ಡ. ನಿಮ್ಮದು ಹಾಗಾಗದಿರಲಿ. ಗಾಡಿ ಮರದ ಕೆಳಗೆ ಪುಟ್ಟದಾಗಿ ಕಾಣಬೇಕು.

ಮಣ್ಣು ಕೊಳ್ಳಬೇಡಿ. ನಿಮ್ಮ ಕಡೆಯ ಕೆಂಪು ಮಣ್ಣನ್ನೇ ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಅಂಟಿಕೊಂಡು ಬರುತ್ತದೆ, ಅದು ಕಬ್ಬಿಣದ ಅಂಶ. ಅದನ್ನು ಬಿಟ್ಟರೆ ಇಂಜಿನ್ನಿನ ಮೋಟಾರಿನೊಳಗೆ ಹೋಗಿ ಕೂರುತ್ತದೆ. ಅಯಸ್ಕಾಂತಕ್ಕೆ ಏನೂ ಹತ್ತದಷ್ಟು ಸಲ ಇದನ್ನು ಮಾಡಿ. ಮಣ್ಣು ಹರಡಿ, ಮೇಲೆ ನೀರು ಚಿಮುಕಿಸಿ, ಒಂದು ಭಾಗ ಫೆವಿಕಾಲ್‌ಗೆ ಮೂರು ಭಾಗ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಸೇರಿಸಿ ಹನಿ ಹನಿಯಾಗಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಮುತ್ತಿನ ಹಾಗೆ ಮೇಲೆಯೇ ನಿಲ್ಲುತ್ತದೆ. ರಾತ್ರಿಯಿಡೀ ಒಣಗಲಿ. ಹಳಿಯ ನೆತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಇಂಜಿನ್ ಇಡಿ.

ಹಲಗೆ ಕತ್ತರಿಸುವ ಮೊದಲು ಸಾಧ್ಯವಾದರೆ ಪುಣೆಯ ಕೊತ್ರೂಡಿನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. ಸಿಗ್ನಲ್, ಊರು, ಗಾಡಿ ಎಲ್ಲ ಹೇಗೆ ಒಂದಕ್ಕೊಂದು ಹೊಂದುತ್ತವೆ ಅನ್ನುವುದು ಕಣ್ಣಾರೆ ಕಂಡರೆ ತಿಳಿಯುತ್ತದೆ.

ಪ್ರಶ್ನೆ: ಮಗನಿಗೆ ರೈಲಿನ ಹುಚ್ಚು. ರಜೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?
— ಓದುಗರು, ಮಂಡ್ಯ

ಮೊದಲು ಮೈಸೂರಿನ ರೈಲ್ವೆ ಮ್ಯೂಸಿಯಂ. 1979ರಲ್ಲಿ ಶುರುವಾಗಿದ್ದು. ಮಹಾರಾಣಿಯವರ 1899ರ ಸಲೂನ್ ಬೋಗಿ ಅಲ್ಲಿದೆ. ಉತ್ತರದ ಕಡೆ ಹೋದರೆ ಹುಬ್ಬಳ್ಳಿ. 2020ರಲ್ಲಿ ತೆರೆದ ಮ್ಯೂಸಿಯಂ ಇದೆ, ಜೊತೆಗೆ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ. ಈ ತುದಿಯಿಂದ ಆ ತುದಿಗೆ ಮಗನ ಜೊತೆ ನಡೆಯಿರಿ. ದುಡ್ಡು, ಸಮಯ ಎರಡೂ ಇದ್ದರೆ ಮೆಟ್ಟುಪಾಳ್ಯಂನಿಂದ ಕೂನೂರಿಗೆ ನೀಲಗಿರಿ ರೈಲು. ಹಲ್ಲಿನ ಹಳಿ ದೇಶದಲ್ಲಿ ಇರುವುದು ಅಲ್ಲಿ ಮಾತ್ರ.

ಪ್ರಶ್ನೆ: ಆಲ್ಕೊ ಇಂಜಿನ್ನಿನ ಸದ್ದು ನಮ್ಮ ಕಡೆ ಈಗ ಅಪರೂಪ. ಸಿಕ್ಕಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಬರೀ ಗಾಳಿ ಕೇಳಿಸುತ್ತದೆ. ಹೇಗೆ ಮಾಡಲಿ?
— ಓದುಗರು, ಶಿವಮೊಗ್ಗ

ನಿಮ್ಮ ಕೆಲಸಕ್ಕೆ ನನ್ನ ನಮಸ್ಕಾರ. ಫೋಟೊ ತೆಗೆಯುವವರು ಸಾವಿರ ಜನ, ಸದ್ದು ಹಿಡಿಯುವವರು ಬೆರಳೆಣಿಕೆ.

ಏನು ಕೇಳುತ್ತಿದ್ದೀರಿ ಅನ್ನುವುದು ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಾಗುತ್ತದೆ. ಡಬ್ಲ್ಯೂಡಿಎಂ-2ರಲ್ಲಿ 16 ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್, 2,600 ಅಶ್ವಶಕ್ತಿ. ಸುಮ್ಮನೆ ನಿಂತಾಗ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ, ಅಂದರೆ ಶಕ್ತಿ ಏರಿಸುವ ಹಿಡಿಯ ಕೊನೆಯ ಮೆಟ್ಟಿಲಿನಲ್ಲಿ, 1,000. ಲೋಕೊ ಪೈಲಟ್ ನಾಚ್ ಏರಿಸಿದಾಗ ಡೀಸೆಲ್ ತಕ್ಷಣ ಹೋಗುತ್ತದೆ, ಟರ್ಬೊ ಗಾಳಿ ಕೊಡುವುದು ಸ್ವಲ್ಪ ತಡ. ಕಪ್ಪು ಹೊಗೆಯೂ ಆ ಏದುಸಿರಿನ ಸದ್ದೂ ಬರುವುದು ಆಗಲೇ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಪಿ-4ಗಳದ್ದು ಟೂ ಸ್ಟ್ರೋಕ್, ಅದರ ಗುಂಯ್‌ಗಾಟವೇ ಬೇರೆ. ಹಾಗಾಗಿ ಓಡುವ ಗಾಡಿಗಿಂತ, ನಿಂತ ಗಾಡಿ ಹೊರಡುವ ಜಾಗ ಹುಡುಕಿ. ಪ್ಲಾಟ್‌ಫಾರಂನ ಹೊರಡುವ ತುದಿಯೇ ಸರಿ.

ಮೈಕಿನ ಮೇಲೆ ದಪ್ಪ ಸ್ಪಂಜು ಕಟ್ಟಿ. ಗಾಳಿಗೆ ಬೆನ್ನು ಮಾಡಿ, ಸಾಧ್ಯವಾದರೆ ಗೋಡೆಯ ಮರೆಯಲ್ಲಿ ನಿಲ್ಲಿ. ಮೊಬೈಲಿನಲ್ಲಿ ಸದ್ದಿನ ಮಟ್ಟ ತಾನೇ ಏರಿಳಿಯುವ ಸೌಲಭ್ಯವನ್ನು ಆಫ್ ಮಾಡುವ ಆ್ಯಪ್ ಬಳಸಿ. ಇಲ್ಲದಿದ್ದರೆ ಗಾಡಿ ದೂರ ಇದ್ದಾಗಲೂ ಹತ್ತಿರ ಬಂದಾಗಲೂ ಒಂದೇ ಮಟ್ಟದಲ್ಲಿ ಕೇಳುತ್ತದೆ. ಗಾಡಿ ಹೊರಡುವ ಎರಡು ನಿಮಿಷ ಮೊದಲೇ ಶುರು ಮಾಡಿ, ಕೊನೆಯ ಬೋಗಿ ಹೋದ ಮೇಲೂ ನಿಲ್ಲಿಸಬೇಡಿ. ಅನೌನ್ಸ್‌ಮೆಂಟ್, ಗಾರ್ಡಿನ ಸೀಟಿ, ಚಾ ಮಾರುವವರ ಕೂಗು ಬರಲಿ ಬಿಡಿ. ಅವೂ ಬದಲಾಗುತ್ತವೆ.

ಶುರುವಿನಲ್ಲೇ ತಾರೀಖು, ಸ್ಟೇಷನ್, ಗಾಡಿ ನಂಬರ್, ಇಂಜಿನ್ ನಂಬರನ್ನು ನಿಮ್ಮ ದನಿಯಲ್ಲೇ ಹೇಳಿ. ಇಂಜಿನ್ ಪಕ್ಕದಲ್ಲಿ ಬರೆದಿರುವ ಶೆಡ್ಡಿನ ಹೆಸರನ್ನೂ ಸೇರಿಸಿ. ಇಂಜಿನ್ ಹೆಸರಿನ ಅಕ್ಷರಗಳಿಗೂ ಅರ್ಥ ಇದೆ: ಡಬ್ಲ್ಯೂ ಅಂದರೆ ಬ್ರಾಡ್ ಗೇಜ್, ಡಿ ಡೀಸೆಲ್, ಎ ಎಸಿ ಕರೆಂಟ್, ಎಂ ಎರಡೂ ಬಗೆಯ ಗಾಡಿಗೆ, ಪಿ ಪ್ಯಾಸೆಂಜರ್, ಜಿ ಗೂಡ್ಸ್. ಎಲೆಕ್ಟ್ರಿಕ್ ಗಾಡಿ ಬಂದಾಗ ರೆಕಾರ್ಡರ್ ಆಫ್ ಮಾಡಬೇಡಿ. ಡಬ್ಲ್ಯೂಎಪಿ-7 ನಿಂತಲ್ಲಿಂದ ಎಳೆಯುವಾಗ ಮೋಟಾರಿನ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಒಂದು ಸಲ ಕಿವಿಗೊಟ್ಟು ಕೇಳಿ. ಅದನ್ನೂ ಅದೇ ಫೋಲ್ಡರಿಗೆ ಹಾಕಿ, ಇನ್ನೊಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಡಿ.